ಕೊಸರಿನ ಮಣಿ

ಒಂದಾನೊಂದು ಕಾಲದಲ್ಲಿ, ಜನ ಇನ್ನೂ ಬೆರಳು ಮಡಚಿ ಲೆಕ್ಕ ಮಾಡ್ತಿದ್ದ ಕಾಲದಲ್ಲಿ, ಕೇಳು ಪುಟ್ಟಿ, ನಿಂಗಾಜಮ್ಮ ಅಂತ ಒಬ್ಬಳು ಮುದುಕಿ ಇದ್ದಳಂತೆ. ಮಣ್ಣಿನ ಮಣಿ ಮಾಡಿ, ಗೂಡಲ್ಲಿ ಸುಟ್ಟು, ಬಣ್ಣ ಹಚ್ಚಿ ಕೊಡೋದು ಅವಳ ಕಸುಬು. ಸಾವಿರ ಎಣಿಸಿದ ಮೇಲೆ ಕೊಸರು ಅಂತ ಇನ್ನೊಂದು ಹಾಕದೆ ಚೀಲದ ಬಾಯಿ ಕಟ್ಟಿದವಳೇ ಅಲ್ಲವಂತೆ. ಅತ್ತೆ ಕಲಿಸಿದ ಚಾಳಿ.

ಆ ಊರಿನ ರಾಜನಿಗೆ ಮೂವರು ಹೆಣ್ಣುಮಕ್ಕಳು, ಮೂವರಿಗೂ ಒಂದೇ ದಿನ ಮದುವೆ. ದೊಡ್ಡವಳಿಗೆ ಏಳು ಮಣಿಯ ಸರಗಳೇ ಆಗಬೇಕು, ನಡುವಿನವಳಿಗೆ ಹನ್ನೊಂದರವು, ಚಿಕ್ಕವಳಿಗೆ ಹದಿಮೂರರವು. ಒಂದು ಸರ ಅರ್ಧಕ್ಕೆ ನಿಂತರೂ ಅಪಶಕುನ, ಮಂಟಪ ಹತ್ತಲ್ಲ ಅಂತ ಮೂವರೂ ಹಟ ಹಿಡಿದರಂತೆ. ರಾಜ ನಿಂಗಾಜಮ್ಮನ ಕೈಲಿ ದಿನಕ್ಕೊಂದು ಸಾವಿರದ ಚೀಲದಂತೆ ವರ್ಷವಿಡೀ ಮಾಡಿಸಿದ, ಮುನ್ನೂರ ಅರವತ್ತೈದು ಚೀಲ.

ಆಮೇಲೆ ಅರಮನೆಯ ಶಾನುಭೋಗ ಒಂದು ಚೀಲ ಸುರಿದು ಎಣಿಸಿದರೆ ಸಾವಿರದ ಒಂದು. ಪಾಯಸದಲ್ಲಿ ನೊಣ ಸಿಕ್ಕಿದ ಹಾಗೆ ಆ ಒಂದನ್ನ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು, ಸಾವಿರ ಅಂದ್ರೆ ಸಾವಿರ ಬುದ್ಧಿ, ಎಣಿಸೋಕೆ ಬಾರದವಳ ಗೂಡು ಒಡೆಸಿಬಿಡಿ ಅಂದನಂತೆ. ನಿಂಗಾಜಮ್ಮ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಗೂಡು ಹೋದರೆ ಅವಳ ಅನ್ನವೇ ಹೋದ ಹಾಗೆ. ರಾಜ, ತಾಳಯ್ಯ, ಮೊದಲು ಮಕ್ಕಳು ಪೋಣಿಸಲಿ ಅಂದನಂತೆ. ಹೂಂ ಅನ್ನು ಪುಟ್ಟಿ, ಇಲ್ಲದಿದ್ರೆ ನಾನೂ ಮಲಗ್ತೀನಿ.

ಶಾನುಭೋಗ ತಿದ್ದಿದ ಆ ಸಾವಿರ ಮಣಿಯನ್ನ ದೊಡ್ಡವಳು ಏಳೇಳಾಗಿ ಪೋಣಿಸಿದಳು, ಕೊನೇ ಸರಕ್ಕೆ ಒಂದು ಕಡಿಮೆ. ಬಿಚ್ಚಿ ನಡುವಿನವಳು ಹನ್ನೊಂದು ಹನ್ನೊಂದಾಗಿ ಪೋಣಿಸಿದಳು, ಅಲ್ಲೂ ಕೊನೇದಕ್ಕೆ ಒಂದು ಕಡಿಮೆ. ಆಮೇಲೆ ಚಿಕ್ಕವಳು ಹದಿಮೂರರ ಸರ ಮಾಡಿದಳು, ಮತ್ತೆ ಒಂದೇ ಒಂದು ಕಡಿಮೆ. ಶಾನುಭೋಗ ದಾರ ಸರಿಯಿಲ್ಲ ಅಂದನಂತೆ.

ನಿಂಗಾಜಮ್ಮನಿಗೇನು ಏಳರ ಮಗ್ಗಿ ಬರ್ತಿತ್ತಾ? ಇಲ್ಲ. ಮೂರು ಸಲವೂ ಕಡಿಮೆ ಬಿದ್ದದ್ದು ಒಂದೇ ಅಂತ ಕಣ್ಣಿಗೆ ಬಿದ್ದಿತ್ತು, ಅಷ್ಟೆ. ಮೆಲ್ಲಗೆ ಎದ್ದು, ಬುದ್ಧಿ, ಶಾನುಭೋಗರ ಮುಷ್ಟಿ ಬಿಚ್ಚಿಸಿ ಅಂದಳಂತೆ.

ಮಣಿ ಹೊರಗೆ ಬಂತು. ಕೊಸರು ಸೇರಿಸಿ ಪೋಣಿಸಿದರೆ ಏಳರವು ನೂರ ನಲವತ್ತಮೂರು ಸರ, ಹನ್ನೊಂದರವು ತೊಂಬತ್ತೊಂದು, ಹದಿಮೂರರವು ಎಪ್ಪತ್ತೇಳು. ಮೂರು ಸಲವೂ ಒಂದು ಮಣಿಯೂ ಉಳಿಯಲಿಲ್ಲ, ಒಂದು ಸರವೂ ಅರ್ಧಕ್ಕೆ ನಿಲ್ಲಲಿಲ್ಲ. ಅಂದಮೇಲೆ ಯಾವ ಚೀಲ ಯಾರ ಪಾಲಿಗೆ ಬಂದರೂ ಸರಿಯೇ ಅಂತ ಹೆಣ್ಣುಮಕ್ಕಳು ಮುದುಕಿಯನ್ನ ತಬ್ಬಿಕೊಂಡರಂತೆ.

ಆಮೇಲೆ ರಾಜ, ಒಟ್ಟು ಎಷ್ಟಾಯ್ತು ಬರೆಯಯ್ಯ ಅಂದ. ಶಾನುಭೋಗ ಕೂಡಿ ಕೂಡಿ ಬರೆದ: ೩೬೫೩೬೫. ಚೀಲದ ಲೆಕ್ಕವೇ ಎರಡು ಸಲ ಸಾಲಾಗಿ ಕೂತಿದೆ. ಮೊದಲಿನದು ಸಾವಿರಗಳದು, ಆಮೇಲಿನದು ಚೀಲಕ್ಕೊಂದರಂತೆ ನನ್ನ ಕೊಸರು ಸ್ವಾಮಿ, ಅಂದಳಂತೆ ನಿಂಗಾಜಮ್ಮ.

ಮದುವೆ ಜೋರಾಗಿ ಆಯ್ತು. ಗೂಡು ಉಳೀತು, ಅದರ ಪಕ್ಕ ಇನ್ನೊಂದು ದೊಡ್ಡ ಗೂಡನ್ನ ರಾಜನೇ ಕಟ್ಟಿಸಿಕೊಟ್ಟ. ಅರಮನೆಗೆ ಹೋಗೋ ಚೀಲಕ್ಕೆಲ್ಲ ಕೊಸರು ಹಾಕೋ ಕೆಲಸ ಅವತ್ತಿಂದ ಶಾನುಭೋಗನದೇ ಅಂತೆ. ಕತೆ ಮುಗೀತು ಪುಟ್ಟಿ, ಕೊಸರಿಗೆ ಈ ಆಕಳಿಕೆ ನಿಂದೇ.