ನಾಯಕರ ಮುಖಕ್ಕೆ ಬಿದ್ದ ಪೇಟದ ನೆರಳು

ಇದನ್ನು ನನಗೆ ಮೊದಲು ಹೇಳಿದವರು ಮಠದಲ್ಲಿ ಪೂಜೆ ಮಾಡುವ ಗುರುಪಾದಯ್ಯನವರು.

ಊರ ಟೆಂಟ್ ಟಾಕೀಸಿಗೆ ಒಬ್ಬ ನಾಯಕರ ಜೀವನದ ಸಿನಿಮಾ ಬಂತು. ಅರ್ಧ ಊರಿಗೆ ಅವರು ದೇವರು, ಇನ್ನರ್ಧಕ್ಕೆ ಕಳ್ಳ. ಅವರ ಭಕ್ತರಾದ ಪಂಚಾಯ್ತಿ ಛೇರ್ಮನ್ನರು ಟೆಂಟಿನ ಗೇಟು ಕಾಯುವ ಆಳನ್ನು ಕರೆದು, “ನಾಯಕರು ಪರದೆ ಮೇಲೆ ಬಂದಾಗೆಲ್ಲ ಜನ ಎದ್ದು ನಿಲ್ಲಬೇಕು. ಇಲ್ಲಾಂದ್ರೆ ಟೆಂಟ್ ಕೀಳಿಸ್ತೀನಿ” ಎಂದರು. ಹಾಗೆ ಜನರನ್ನು ಎಬ್ಬಿಸಿ ನಿಲ್ಲಿಸಿದರೆ ಪರದೆಯನ್ನೇ ಹರಿದುಹಾಕುತ್ತೇವೆಂದು ವಿರೋಧಿಗಳು ಕಾದಿದ್ದರು.

“ಆಗ್ಲಿ ಬುದ್ಧಿ. ಮೊದಲು ತಾವು ನಿಂತು ತೋರಿಸಿ” ಎಂದ ಆಳು, ಅವರ ಕುರ್ಚಿಯನ್ನು ಸಿನಿಮಾ ಬಿಡುವ ಮಿಷನ್ನಿನ ಮುಂದೆಯೇ ಹಾಕಿಸಿದ.

ನಾಯಕರು ಪರದೆಗೆ ಬಂದರು. ಛೇರ್ಮನ್ನರು ಕೈಮುಗಿದು ಎದ್ದರು. ಅವರ ಪೇಟದ ನೆರಳು ನಾಯಕರ ಮುಖವನ್ನೇ ನುಂಗಿತು. ವಿರೋಧಿಗಳು ಚಪ್ಪಾಳೆ ತಟ್ಟಿದರು. “ಹಂಗೇ ನಿಂತ್ಕಳಿ ಯಜಮಾನ್ರೇ, ಈಗ ಸಿನಿಮಾ ಚೆನ್ನಾಗೈತೆ.”

ಛೇರ್ಮನ್ನರು ದಡಕ್ಕನೆ ಕೂತರು.

“ಉಳಿದವರನ್ನೂ ಎಬ್ಬಿಸ್ಲಾ ಬುದ್ಧಿ?” ಎಂದು ಆಳು ಕೇಳಿದ.

“ಎದ್ದವನ ಕಾಲು ಮುರೀತೀನಿ” ಎಂದರು ಅವರು.

ಕೇಳಿದ ನೀವು ಇನ್ನೊಬ್ಬರಿಗೆ ಹೇಳಿ. ಕೂತೇ ಹೇಳಿದರೂ ಸಾಕು.