ಹೊಸ್ತಿಲಲ್ಲಿ ನಿಂತ ಚಳಿಗಾಲ

ಒಂದಾನೊಂದು ಊರಿನಲ್ಲಿ, ಬಂದವರಿಗೆ ನೀರು ಕೊಡುವುದರಲ್ಲೇ ಆಯುಷ್ಯ ಕಳೆದ ಒಬ್ಬ ದೊರೆಯಿದ್ದ. ಭಿಕ್ಷುಕ ಬಂದರೂ ನೀರು, ಬಿರುಗಾಳಿ ಬಂದರೂ ನೀರು. ಚೊಂಬು ಬಿಟ್ಟ ಅವನ ಕೈಯನ್ನು ಯಾರೂ ಕಂಡಿರಲಿಲ್ಲ.

ಅವನ ತೋಟ ನೋಡಿಕೊಳ್ಳುತ್ತಿದ್ದವಳು ಸಂಕವ್ವ. ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಹೆಬ್ಬೆರಳಷ್ಟು ಕಳ್ಳಿಯನ್ನು ಹನ್ನೆರಡು ವರ್ಷ ಸಾಕಿ, ಕುಂಬಳಕಾಯಿಯಷ್ಟು ಮಾಡಿದ್ದಳು.

ಒಂದು ಚಳಿಗಾಲದಲ್ಲಿ ದೊರೆ ಅದನ್ನು ಕಂಡ.

"ಇವರು ಯಾರು?"

"ಕಳ್ಳಿ, ಬುದ್ಧಿ. ನಮ್ಮ ತವರಿನದು."

"ಪರವೂರಿನವರು! ನೀರು ಕೊಟ್ಟೆಯಾ?"

"ಅಯ್ಯೋ, ಚಳಿಯಲ್ಲಿ ಬೇಡ ಬುದ್ಧಿ. ಒಂದು ಗುಟುಕು ಕುಡಿದರೂ ಕೊಳೆತುಹೋಗುತ್ತೆ. ಈಗ ಅದು ಮಲಗಿದೆ."

ನೆಂಟರಿಗೆ ನೀರು ಕೊಡದಿರುವುದು ತಪ್ಪು. ಮಲಗಿದ ನೆಂಟರನ್ನು ಎಬ್ಬಿಸುವುದು ಇನ್ನೂ ತಪ್ಪು. ದೊರೆ ಯೋಚಿಸಿದ.

"ಆಗಲಿ. ಎದ್ದ ಕೂಡಲೇ ಕೊಡುತ್ತೇನೆ," ಎಂದು ಚೊಂಬು ಹಿಡಿದು ಪಕ್ಕದಲ್ಲೇ ಕುಳಿತ.

ಚಳಿ ಮುಗಿಯುವ ಮುನ್ನ ಕಳ್ಳಿ ಎದ್ದರೆ ಹನ್ನೆರಡು ವರ್ಷವೂ ಕೊಳೆತಂತೆ. ಸಂಕವ್ವ ಬಾಯಿಗೆ ಬೆರಳಿಟ್ಟುಕೊಂಡು ಊರೆಲ್ಲ ತಿರುಗಿದಳು. ಊರು ಸುಮ್ಮನಾಯಿತು. ಹುಂಜ ರೆಕ್ಕೆಯೊಳಗೆ ಕೂಗಿಕೊಂಡಿತು. ಸಾಸಿವೆ ಸಿಡಿಯದೆ ಬೆಂದಿತು. ಇಬ್ಬನಿ ಕೂಡ ಅತ್ತಿತ್ತ ನೋಡಿಕೊಂಡು ಬಿತ್ತು.

ದಿನ ತುಂಬಿತು. ಚಳಿಗಾಲ ಗಂಟು ಕಟ್ಟಿಕೊಂಡು ಹೊಸ್ತಿಲಿಗೆ ಬಂತು. ನಿಂತಿತು. ನಿಂತೇ ಇತ್ತು.

"ಯಾರೂ 'ಹೋಗಿ ಬನ್ನಿ' ಅನ್ನಲಿಲ್ಲವಲ್ಲ ಸಂಕವ್ವ," ಎಂದು ಮೆಲ್ಲಗೆ ಅಂದಿತು. "ಹಾಗೇ ಎದ್ದುಹೋಗೋಕೆ ನನಗೇನು ಮರ್ಯಾದೆ ಇಲ್ವಾ?"

ಸಂಕವ್ವ 'ಹೋಗಿ ಬನ್ನಿ' ಎಂದು ಪಿಸುಗುಟ್ಟಿದಳು. ಚಳಿಗಾಲದ ಕಿವಿಗೆ ಮಫ್ಲರ್, ಕೇಳಲಿಲ್ಲ. ಕೂಗಿದರೆ ಕಳ್ಳಿ ಏಳುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸಲು ಹೋದಳು. ಚಳಿಯ ನಡುಕಕ್ಕೆ ತಲೆ ಅಡ್ಡಡ್ಡ ಆಡಿತು.

"ಬೇಡ ಅಂತೀಯಾ? ಸರಿ, ಇನ್ನೆರಡು ದಿನ ಇರ್ತೀನಿ," ಎಂದು ಚಳಿಗಾಲ ಗಂಟು ಬಿಚ್ಚಿತು.

ಊರಿನವರೆಲ್ಲ ಬಂದು ತಲೆಯಾಡಿಸಿ ನೋಡಿದರು. ಎಲ್ಲರ ತಲೆಯೂ ಅಡ್ಡಡ್ಡ. ಗಂಟು ಕಟ್ಟುವುದು, ಬಿಚ್ಚುವುದು, ಇದೇ ಆಯಿತು.

ಆ ಊರಲ್ಲಿ ಮೇಲೆ ಕೆಳಗೆ ಆಡುವ ಕತ್ತು ಒಂದೇ, ಬೇಲಿಯ ಓತಿಕ್ಯಾತನದು. ಅದೋ ಚಳಿಗೆ ಕಡ್ಡಿಯಾಗಿತ್ತು. ಸಂಕವ್ವ ಅದನ್ನು ಅಂಗೈಯಲ್ಲಿಟ್ಟು ಉಸಿರು ಊದಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಊದಿದಳು. ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು. ಆಮೇಲೆ ಕತ್ತು ಮೇಲೆದ್ದು ಕೆಳಗಿಳಿಯಿತು.

"ನೋಡು, ಇಷ್ಟೇ ಸಾಕಾಗಿತ್ತು. ಬರ್ತೀನಿ," ಎಂದು ಚಳಿಗಾಲ ಹೊರಟುಹೋಯಿತು.

ಕಳ್ಳಿ ಎದ್ದಿತು. ದೊರೆ ಚೊಂಬು ಬಗ್ಗಿಸಿದ. ಅದು ಗಟಗಟ ಕುಡಿದು, ನೆತ್ತಿಯ ಮೇಲೆ ಒಂದು ಹೂವು ಬಿಟ್ಟಿತು. ಸಂಕವ್ವ ಮೂರು ತಿಂಗಳಿಂದ ತಡೆದಿದ್ದ ಸೀನನ್ನು ಸೀನಿದಳು.

ನೀತಿ ಏನೆಂದರೆ, ಬೇಲಿಯ ಮೇಲೆ ಓತಿಕ್ಯಾತ ತಲೆಯಾಡಿಸುತ್ತಿದ್ದರೆ ಯಾರನ್ನೋ ಕಳಿಸಿಕೊಡುತ್ತಿದೆ ಎಂದರ್ಥ. ಅಗೋ, ಈಗ ನಿಮ್ಮನ್ನೇ ನೋಡಿ ಆಡಿಸುತ್ತಿದೆ. ಕತೆ ಇಲ್ಲೇ ಇರುತ್ತದೆ. ನೀವು ಹೋಗಿ ಬನ್ನಿ.