ಕೈ ತಾಗುವ ಮೊದಲೇ

ಒಂದು ಹೊಳೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಧೂಪಕ್ಕಿಂತ ಎಳ್ಳೆಣ್ಣೆಯ ವಾಸನೆಯೇ ಹೆಚ್ಚು. ಏಕೆಂದರೆ ಅಲ್ಲಿನ ಗುರು ಮರುಳಯ್ಯನವರು ಮೈಕೈ ನೋವೆಂದು ಬಂದವರಿಗೆ ಮಾಲೀಸು ಮಾಡುತ್ತಿದ್ದರು. ಅದೇ ಅವರ ಪೂಜೆ, ಶಿಷ್ಯರಿಗೆ ಅದೇ ಪಾಠ.

ಶಿಷ್ಯ ಸೋಮಲಿಂಗ ಮೂರು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದ. ಹನ್ನೊಂದು ದಿನದ ಹಿಂದೆ ಹೊಳೆಯ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದ. ಅಂದಿನಿಂದ ಬಲಗೈಯನ್ನು ಹೆಗಲಿನ ಮಟ್ಟಕ್ಕೆ ಎತ್ತಲು ಆಗುತ್ತಿರಲಿಲ್ಲ.

ಅವನು ಅದನ್ನು ಯಾರಿಗೂ ಹೇಳಲಿಲ್ಲ. ಮಾಲೀಸು ಮಾಡುವವನಿಗೆ ಕೈಯೇ ಎಲ್ಲ. ಕೈ ಕೆಟ್ಟವನನ್ನು ಗುರುಗಳು ಮನೆಗೆ ಕಳಿಸಿಬಿಟ್ಟರೆ ಎಂಬ ಭಯ ಅವನಿಗೆ.

ಅವನು ಎಡಗೈಯಲ್ಲೇ ಬಿಂದಿಗೆ ಎತ್ತುವುದನ್ನು ಗುರುಗಳು ನೋಡಿದರು.

"ನಾಳೆ ಬೆಳಿಗ್ಗೆ ಹಲಗೆಯ ಮೇಲೆ ನೀನು ಮಲಗು" ಎಂದರು. ಹಲಗೆ ಎಂದರೆ ಬಂದವರನ್ನು ಮಲಗಿಸಿ ಎಣ್ಣೆ ತಿಕ್ಕುವ ಉದ್ದನೆಯ ಮರದ ಹಲಗೆ.

"ನಾನೇ? ಯಾಕೆ ಗುರುಗಳೇ?"

"ಮೂರು ವರ್ಷದಿಂದ ಊರವರನ್ನೆಲ್ಲ ಮಲಗಿಸಿದ್ದೀಯ. ನೀನು ಒಂದು ದಿನವೂ ಮಲಗಿಲ್ಲ."

ಬೆಳಿಗ್ಗೆ ಸೋಮಲಿಂಗ ಬಂದ.

"ಏನಾದರೂ ತಿಂದೆಯಾ ತಮ್ಮಾ?"

"ನಾಲ್ಕು ರೊಟ್ಟಿ, ಗುರುಗಳೇ. ತಡೆದುಕೊಳ್ಳಲು ಶಕ್ತಿ ಬೇಕಲ್ಲ."

"ನಾನೇನು ಕುಸ್ತಿಗೆ ಕರೆದಿದ್ದೆನೇ? ಹೋಗು, ಹೊಳೆ ನೋಡುತ್ತಾ ಕೂತಿರು. ರೊಟ್ಟಿ ಇಳಿಯಲಿ."

ತುಂಬಿದ ಹೊಟ್ಟೆಯ ಮೇಲೆ ಬೋರಲು ಮಲಗಬಾರದು ಎಂದು ಸೋಮಲಿಂಗನೇ ಎಷ್ಟೋ ಜನರಿಗೆ ಹೇಳಿದ್ದ. ಅದು ತನಗೂ ಸೇರಿದ ಮಾತು ಎಂದು ಅವನಿಗೆ ಹೊಳೆದಿರಲಿಲ್ಲ.

ಬಿಸಿಲು ಮೆಟ್ಟಿಲಿಗೆ ಬಂದಾಗ ಗುರುಗಳು ಕರೆದರು. ಒಂದು ಬಿಳಿ ಬಟ್ಟೆ ಕೊಟ್ಟು ಗೋಡೆಯ ಕಡೆ ತಿರುಗಿ ನಿಂತರು.

"ಎಷ್ಟು ಮುಚ್ಚಿಕೊಳ್ಳಬೇಕು ಅನಿಸುತ್ತದೋ ಅಷ್ಟು ಮುಚ್ಚಿಕೋ. ಮುಚ್ಚಿದ ಕಡೆಗೆ ನನ್ನ ಕೈ ಬರುವುದಿಲ್ಲ."

ಸೋಮಲಿಂಗ ಮಲಗಿದ. ಗುರುಗಳ ಕೈ ಪಾದಕ್ಕೆ ತಾಗಿದ್ದೇ ತಡ, ಕಾಲನ್ನು ಸರ್ರನೆ ಎಳೆದುಕೊಂಡ.

"ಗುರುಗಳೇ, ನೀವು ನನ್ನ ಕಾಲು ಮುಟ್ಟುವುದೇ?"

"ಹಲಗೆಯ ಮೇಲೆ ಗುರುವೂ ಇಲ್ಲ, ಶಿಷ್ಯನೂ ಇಲ್ಲ. ಕಾಲು ಕೊಡು."

ಕಾಲು ಮುಗಿಯಿತು. ಬೆನ್ನು ಮುಗಿಯಿತು. ಗುರುಗಳು ಬಲಗೈ ಹಿಡಿದರು. ಅವರಿಗೆ ಭಾರವಾಗದಿರಲಿ ಎಂದು ಸೋಮಲಿಂಗ ತಾನೇ ಕೈಯನ್ನು ಆದಷ್ಟು ಎತ್ತಿ ಹಿಡಿದ.

"ಕೈ ಕೊಡು."

"ಕೊಟ್ಟಿದ್ದೇನೆ, ಗುರುಗಳೇ."

"ಇಲ್ಲ. ಇನ್ನೂ ನೀನೇ ಹೊತ್ತುಕೊಂಡಿದ್ದೀಯ."

ಗುರುಗಳು ಹೆಗಲಿನ ಸಂದಿಯಲ್ಲಿ ಹೆಬ್ಬೆರಳು ಊರಿದರು. ಸೋಮಲಿಂಗನಿಗೆ ಕಣ್ಣು ಕತ್ತಲೆ ಬಂತು.

"ನೋವಾಯಿತೇ?"

"ಇಲ್ಲ, ಹಾಯಾಗಿದೆ."

ಇನ್ನೂ ಸ್ವಲ್ಪ ಒತ್ತಿದರು.

"ಈಗ?"

"ಹಾಯಾಗಿದೆ" ಎಂದ, ಹಲ್ಲು ಕಚ್ಚಿಕೊಂಡು.

ಗುರುಗಳು ಕೈ ತೆಗೆದರು. "ಏಳು. ಈಗ ನಾನು ಮಲಗುತ್ತೇನೆ, ನೀನು ತಿಕ್ಕು."

ಸೋಮಲಿಂಗ ಗಾಬರಿಯಿಂದ ಎದ್ದ. ಗುರುಗಳು ಹಲಗೆಯ ಮೇಲೆ ಬೋರಲು ಮಲಗಿ ಕಣ್ಣು ಮುಚ್ಚಿದರು. ಅವನು ಎಡಗೈಯನ್ನು ಎಣ್ಣೆಯಲ್ಲಿ ಅದ್ದಿದ. ಕೈ ಇನ್ನೂ ಬಟ್ಟಲಿನ ಮೇಲೆಯೇ ಇತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಆಹಾ, ಹಾಯಾಗಿದೆ" ಎಂದರು ಗುರುಗಳು.

"ಗುರುಗಳೇ, ನಾನಿನ್ನೂ ಮುಟ್ಟೇ ಇಲ್ಲ."

"ಹೌದೇ? ನಿನ್ನ ಹೆಗಲಿನ ನೋವನ್ನೂ ನಾನಿನ್ನೂ ಮುಟ್ಟಿಲ್ಲ."

ಸೋಮಲಿಂಗ ಎಡಗೈಯ ಎಣ್ಣೆಯನ್ನು ಬಟ್ಟಲಿನ ಅಂಚಿಗೆ ಒರೆಸಿದ. ಗುರುಗಳು ಎದ್ದು ಜಾಗ ಬಿಟ್ಟರು. ಅವನು ಮತ್ತೆ ಮಲಗಿದ. ಅವರ ಬೆರಳು ಹೆಗಲಿಗೆ ಬಂತು.

"ನೋವು" ಎಂದ. "ಸ್ವಲ್ಪ ಮೆಲ್ಲಗೆ. ಇನ್ನೂ ಕೆಳಗೆ. ಅಲ್ಲೇ. ಬಿದ್ದು ಹನ್ನೊಂದು ದಿನವಾಯಿತು, ಗುರುಗಳೇ. ನೀವು ಕಳಿಸಿಬಿಡುತ್ತೀರೆಂದು ಹೇಳಲಿಲ್ಲ."

ಹೇಳುತ್ತಾ ಹೇಳುತ್ತಾ ಅವನ ಕಣ್ಣಿನ ನೀರು ಹಲಗೆಯ ಮೇಲೆ ಬಿತ್ತು. ಗುರುಗಳು ಬೆರಳನ್ನು ಮೆಲ್ಲಗೆ ಆಡಿಸುತ್ತಲೇ ಇದ್ದರು. ಸ್ವಲ್ಪ ಹೊತ್ತಿನಲ್ಲಿ ಕೈ ತಾನಾಗಿಯೇ ಅವರ ಅಂಗೈಯಲ್ಲಿ ಭಾರವಾಗಿ ಬಿತ್ತು. ಸೋಮಲಿಂಗ ಗೊರಕೆ ಹೊಡೆಯುತ್ತಿದ್ದ.

ಎಚ್ಚರವಾದಾಗ ನಾಚಿ ದಡಬಡನೆ ಏಳಹೋದ. ಗುರುಗಳು ತಡೆದರು.

"ನಿಧಾನ. ಮೊದಲು ಪಕ್ಕಕ್ಕೆ ಹೊರಳು, ಆಮೇಲೆ ಕೂರು. ಈ ನೀರು ಕುಡಿ."

ನೀರು ಕುಡಿದು ಅವನು ಕೇಳಿದ: "ನಿಮ್ಮ ಮುಂದೆ ಗೊರಕೆ ಹೊಡೆದೆನೇ?"

"ಹೊಡೆದೆ. ದಡದ ಕೊಕ್ಕರೆಗಳೆಲ್ಲ ಹಾರಿಹೋದವು."

ಸೋಮಲಿಂಗ ನಕ್ಕ. ಆಮೇಲೆ ಹೆಗಲು ಮುಟ್ಟಿಕೊಂಡು, ಹನ್ನೊಂದು ದಿನದಿಂದ ಗಂಟಲಲ್ಲೇ ಇದ್ದ ಮಾತನ್ನು ಕೇಳಿದ.

"ಇದು ಎಂದಿಗೆ ಸರಿಹೋಗುತ್ತದೆ?"

"ಎರಡು ತಿಂಗಳು ಈ ಕೈಯಿಂದ ಯಾರನ್ನೂ ಒತ್ತಬಾರದು."

"ಹಾಗಾದರೆ ಇಲ್ಲಿ ನನಗೇನು ಕೆಲಸ, ಗುರುಗಳೇ?"

ಗುರುಗಳು ಎಣ್ಣೆ ಬಟ್ಟಲನ್ನು ಮುಚ್ಚಿದರು.

"ಬಂದವರ ಪಕ್ಕ ಕೂತು, ಎಲ್ಲಿ ನೋವು ಎಂದು ಕೇಳು. ಹಾಯಾಗಿದೆ ಎಂದು ನಿನ್ನ ಹತ್ತಿರ ಸುಳ್ಳು ಹೇಳುವುದು ಅವರಿಗೆ ಕಷ್ಟ."